ಕತ್ತಿ ಹಿಡಿದವನ ಕಣ್ಣು

ಬ್ಯಾಡಗಿಯಲ್ಲಿ ಸೈಕಲ್ ಬಾಡಿಗೆಗೆ ತೆಗೆದುಕೊಂಡು ಪಕ್ಕದ ಹಳ್ಳಿಯ ವೀರಗಲ್ಲು ನೋಡಲು ಬಂದೆ. ಕ್ಯಾಮೆರಾದ ರೀಲಿನಲ್ಲಿ ಒಂದೇ ಫೋಟೊ ಉಳಿದಿತ್ತು. ಕಲ್ಲಿನ ಸುತ್ತ ಮೆಣಸಿನಕಾಯಿ ಹರವಿದ್ದರು. ತೊಟ್ಟು ಮುರಿಯುತ್ತಿದ್ದ ಹುಸೇನಬಿ ಎಂಬ ಮುದುಕಿ ಎದ್ದು ಬಂದು, ಒದ್ದೆ ಅರಿವೆಯಿಂದ ವೀರನ ಮುಖ ಒರೆಸಿದಳು.

"ದಿನಾ ಒರೆಸ್ತೀರಾ?" ಎಂದೆ.

"ಮತ್ತ? ಖಾರದ ಧೂಳು ಬಿದ್ರ ಕಣ್ಣು ಉರಿಯೂದಿಲ್ಲೇನ್ರಿ? ಪಾಪ, ಕೈಯಾಗ ಕತ್ತಿ-ಢಾಲು ಹಿಡಕೊಂಡು ನಿಂತಾನ. ತಾನ ಹ್ಯಾಂಗ ಒರಸ್ಕೊಂಡಾನು?"

ಕ್ಯಾಮೆರಾದಲ್ಲಿ ಇಣುಕಿದೆ. ಒರೆಸಿ ಒರೆಸಿ ಆ ಮುಖದಲ್ಲಿ ಕಣ್ಣೇ ಉಳಿದಿರಲಿಲ್ಲ. ಒರೆಸಬೇಡಿ, ಕಲ್ಲು ಸವೆಯುತ್ತದೆ ಎಂದು ಹೇಳಲು ಬಾಯಿ ತೆರೆದೆ. ಘಾಟು ಹತ್ತಿ ಕೆಮ್ಮು ಬಂತು, ಕಣ್ಣಲ್ಲಿ ನೀರು ಸುರಿಯಿತು.

ಆಕೆ ಅರಿವೆಯನ್ನು ಮತ್ತೆ ತೊಳೆದು ಹಿಂಡಿದಳು. "ನಿಮ್ಮ ಕೈಯಾಗೂ ಕ್ಯಾಮೆರಾ ಐತಲ್ರಿ," ಎನ್ನುತ್ತ ನನ್ನ ಕಣ್ಣಿಗೆ ಒತ್ತಿದಳು.