ಮನೆಯಲ್ಲಿ ಕೂತು ಹೊಲಿದದ್ದಲ್ಲ

ನನ್ನ ಗೆಳತಿಯ ಬಗ್ಗೆ ಈಗ ಎರಡು ಊರುಗಳಲ್ಲಿ ಒಂದೇ ಕಥೆ ಓಡಾಡುತ್ತಿದೆ. ಜಮಖಂಡಿಯಲ್ಲಿ ಅದನ್ನು ಅವಳ ತಾಯಿ ಹೇಳುತ್ತಾರೆ, ಮುಧೋಳದಲ್ಲಿ ಅವಳ ಅತ್ತೆ ಹೇಳುತ್ತಾರೆ. ಹುಡುಗಿ ಮನೆ ಬಿಟ್ಟು ಹೊರಗೆ ಹೋದವಳೇ ಅಲ್ಲವಂತೆ. ಕಾಲೇಜು ಮುಗಿಯಿತೆಂದರೆ ಸೂಜಿ ದಾರ ಹಿಡಿದು ಕಿಟಕಿಯ ಹತ್ತಿರ ಕೂತುಬಿಡುತ್ತಿದ್ದಳಂತೆ. ಹಾಗೆ ಕೂತು ಕೂತೇ ಗೊಂಬೆಗಳಿಗೆ ಇಷ್ಟು ಚಂದದ ಬಟ್ಟೆ ಹೊಲಿದಳಂತೆ. ಕೇಳಿದವರೆಲ್ಲ "ಭಾಳ ಶಾಂತ ಹುಡುಗಿ" ಎಂದು ತಲೆಯಾಡಿಸುತ್ತಾರೆ.

ಈ ಕಥೆಯಲ್ಲಿ ಸೂಜಿ ನಿಜ, ದಾರ ನಿಜ. ಕಿಟಕಿಯೂ ನಿಜವೇ, ಆದರೆ ಅದು ಬಸ್ಸಿನ ಕಿಟಕಿ. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ಯಾಕೆಂದರೆ ಆ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತಿದ್ದವಳು ನಾನು.

ನಾವಿಬ್ಬರೂ ಜಮಖಂಡಿಯ ಒಂದೇ ಕಾಲೇಜಿನಲ್ಲಿ ಓದಿದೆವು. ಅಂತರ ಕಾಲೇಜು ಚರ್ಚಾಸ್ಪರ್ಧೆಗೆ ಒಂದು ಕಾಲೇಜಿನಿಂದ ಇಬ್ಬರು ಹೋಗಬೇಕು. ಒಬ್ಬರು ವಿಷಯದ ಪರ ಮಾತಾಡಬೇಕು, ಇನ್ನೊಬ್ಬರು ವಿರೋಧ. ನಮ್ಮಲ್ಲಿ ಪರ ನಾನು, ವಿರೋಧ ಅವಳು. ಮನೆಯಲ್ಲಿ ಎರಡು ಸಲ ಕೂಗಿದರೆ ಒಂದು ಸಲ ಓಗೊಡುತ್ತಿದ್ದ ಹುಡುಗಿ, ವೇದಿಕೆ ಹತ್ತಿದಳೆಂದರೆ ಪರ ಮಾತಾಡಿದವರ ಒಂದೊಂದು ಮಾತನ್ನೂ ಹಿಂಜಿ ಇಡುತ್ತಿದ್ದಳು. ಹತ್ತುವ ಮುಂಚೆ ಮಾತ್ರ ಹೆದರಿಕೆ. ಅದಕ್ಕೆಂದು ಬ್ಯಾಗಿನಲ್ಲಿ ಒಂದು ಹಳೆಯ ಪ್ಲಾಸ್ಟಿಕ್ ಗೊಂಬೆ ಇಟ್ಟುಕೊಂಡು ಬರುತ್ತಿದ್ದಳು. ಅದಕ್ಕೆ ಒಂದು ಕೈ ಇರಲಿಲ್ಲ.

ಮೊದಲ ಸಲ ಅದನ್ನು ನೋಡಿದಾಗ ನಾನು ನಕ್ಕೆ. "ಏನ ಬೇ, ಡಿಗ್ರಿ ಓದಾಕಿ ಗೊಂಬಿ ಹೊತ್ಕೊಂಡ ಬಂದೀಯಲ್ಲ?"

"ಇದು ನನ್ನ ಎದುರಾಳಿ," ಅಂದಳು. "ಮೊದಲ ಇದರ ಮುಂದ ಮಾತಾಡ್ತೇನಿ, ಆಮ್ಯಾಲ ಮಂದಿ ಮುಂದ. ಇದು ನಡು ಬಾಯಿ ಹಾಕೂದಿಲ್ಲ. ನಿನಗಿಂತ ಛಲೋ ಅದ."

ಬಟ್ಟೆಯ ಕೆಲಸ ಶುರುವಾದದ್ದು ಬನಹಟ್ಟಿಯಲ್ಲಿ. ಸ್ಪರ್ಧೆ ಮುಗಿದ ಮೇಲೆ ಅಲ್ಲಿಯ ಒಬ್ಬ ಹುಡುಗಿ, ಗೆಳತಿಯ ಎದುರು ಸೋತವಳೇ, ಊಟ ಮಾಡಿಕೊಂಡೇ ಹೋಗಬೇಕೆಂದು ನಮ್ಮನ್ನು ಪಕ್ಕದ ರಬಕವಿಯ ತನ್ನ ಮನೆಗೆ ಎಳೆದುಕೊಂಡು ಹೋದಳು. ಪಡಸಾಲೆಯಲ್ಲಿ ಮಗ್ಗ ನಡೆದಿತ್ತು. ಆ ಸದ್ದಿನಲ್ಲಿ ಮಾತು ಕೇಳದೆ ಮೂವರೂ ಕೈಸನ್ನೆಯಲ್ಲೇ ರೊಟ್ಟಿ ಕೇಳಿ ಕೇಳಿ ತಿಂದೆವು. ಹೊರಡುವಾಗ ಆ ಹುಡುಗಿ ಸೀರೆಯ ಅಂಚಿನ ಒಂದು ತುಂಡು ತಂದು, ಬ್ಯಾಗಿನಿಂದ ಇಣುಕುತ್ತಿದ್ದ ಗೊಂಬೆಯ ಹೆಗಲಿಗೆ ಹೊದಿಸಿದಳು. "ಬರಿಗೈಲೇ ಬಂದಾಕಿ, ಬರಿಮೈಲೇ ಯಾಕ ಹೋಗ್ಬೇಕು?" ಅಂದಳು. ತಿರುಗಿ ಬರುವ ಬಸ್ಸಿನಲ್ಲೇ ನನ್ನ ಗೆಳತಿ ಗೊಂಬೆಯ ಸೊಂಟದ ಅಳತೆ ತೆಗೆದಳು.

ಅವತ್ತೇ ನಿಯಮ ಮಾಡಿಕೊಂಡೆವು. ಹೋದ ಊರಿಗೊಂದು ಉಡುಪು. ಬಟ್ಟೆ ಕೊಳ್ಳಬಾರದು, ಆ ಊರಿನಲ್ಲಿ ಗುರುತಾದವರು ಯಾರಾದರೂ ಕೊಡಬೇಕು. ಯಾರೂ ಗುರುತಾಗದಿದ್ದರೆ ಗೆದ್ದ ಕಪ್ಪು ತಂದರೂ ಆ ಊರಿಗೆ ಹೋದಂತಲ್ಲ. ತಿರುಗಿ ಬರುವ ಬಸ್ಸಿನಲ್ಲಿ ಕತ್ತರಿ ನನ್ನದು, ಹೊಲಿಗೆ ಅವಳದು. ಅಂಚು ಮಡಚುವುದು ಮಾತ್ರ ಇಬ್ಬರದೂ. ಎಲ್ಲಿ ಹೊಲಿಗೆ ಸೊಟ್ಟಗಿದೆಯೋ ಅದು ನಾನು.

ಮುಧೋಳದ ಉಡುಪು ಪ್ಯಾಂಟು. ಅಲ್ಲಿ ಗುರುತಾದ ಹುಡುಗಿ ನಮ್ಮನ್ನು ತಿಮ್ಮಾಪುರದ ತಳಿ ಕೇಂದ್ರಕ್ಕೆ ಮುಧೋಳ ನಾಯಿ ತೋರಿಸಲು ಕರೆದುಕೊಂಡು ಹೋಗಿದ್ದಳು. ಉದ್ದ ಕಾಲು, ಒಳಗೆ ಸೇದಿದ ಹೊಟ್ಟೆ, ನಿಂತಲ್ಲೇ ಓಡುವಂತೆ ಕಾಣುವ ನಾಯಿಗಳು. ಗೆಳತಿ ಬೇಲಿ ಬಿಟ್ಟು ಕದಲಲಿಲ್ಲ. "ಇಂಥಾ ಕಾಲಿಗೆ ಲಂಗ ಹೊಂದೂದಿಲ್ಲ" ಎಂದು ತೀರ್ಪು ಕೊಟ್ಟಳು. ಆ ಹುಡುಗಿಯ ಅಣ್ಣನ ಟೇಲರ್ ಅಂಗಡಿಯಿಂದ ಕಂದು ಬಣ್ಣದ ತುಂಡು ಬಂತು.

ಬಿಳಗಿಯದು ಕಂಬಳಿ. ಅಲ್ಲಿ ನನ್ನ ಅಜ್ಜಿಯ ಮನೆ. ಕುರಿ ಕಾಯ್ದ ಮನೆತನ ನಮ್ಮದು, ದೇವರು ಬೀರೇಶ್ವರ. ಸ್ಪರ್ಧೆಗೆಂದು ಹೋದ ರಾತ್ರಿ ಅಲ್ಲೇ ಉಳಿದಾಗ ಗೆಳತಿಗೆ ಚಳಿ. ಅಜ್ಜಿ ತನ್ನ ಹಳೆಯ ಕಂಬಳಿ ಹೊದಿಸಿದಳು, ಬೆಳಿಗ್ಗೆ ಅದರದೇ ತುದಿ ಕತ್ತರಿಸಿ ಕೊಟ್ಟಳು. "ಆ ಕೂಸಿಗೂ ಚಳಿ ಆಗತೈತಿ, ತಗೋ. ಒಂದು ಕೈ ಇಲ್ಲದಾಕಿಗೆ ಕುಪ್ಪಸ ಹೊಲಿಬ್ಯಾಡ, ಖೊಳ್ಳೆ ಹಾಕು." ಖೊಳ್ಳೆ ಎಂದರೆ ಕುರಿಗಾರರು ತಲೆಯ ಮೇಲಿಂದ ಇಳಿಬಿಡುವ ಕಂಬಳಿ. ಕೈ ಇಲ್ಲದ್ದು ಅದರಲ್ಲಿ ಯಾರಿಗೂ ಕಾಣುತ್ತಿರಲಿಲ್ಲ.

ಇನ್ನು ಹಿಪ್ಪರಗಿ. ಅಲ್ಲಿ ಸ್ಪರ್ಧೆಯೇ ಇರಲಿಲ್ಲ. ಹೊಳೆಯಾಚೆಯ ಊರಿನಲ್ಲಿ ಸ್ಪರ್ಧೆ ಮುಗಿಸಿ ಬರುವಾಗ ಬ್ಯಾರೇಜಿನ ಹತ್ತಿರ ಬಸ್ಸು ಕೆಟ್ಟು ನಿಂತಿತು. ಹಿಂದೆ ದಾರಿ ಸಿಗದೆ ನಿಂತ ಕಬ್ಬಿನ ಟ್ರ್ಯಾಕ್ಟರ್, ಅದರ ಮೂತಿಯ ತುಂಬ ಮಿಂಚುವ ಝಾಲರಿ. ಇನ್ನೊಂದು ಬಸ್ಸು ಬರುವವರೆಗೆ ಏನು ಮಾಡುವುದು? "ನಿನ್ನ ಭಾಷಣ ಇನ್ನೊಮ್ಮಿ ಹೇಳ ನೋಡೂಣು" ಎಂದು ನಾನು ಸುಮ್ಮನೆ ಕೆಣಕಿದೆ. ಅವಳು ಗೊಂಬೆಯನ್ನು ನನ್ನ ಕೈಗೆ ಕೊಟ್ಟು, ಚಾಲಕನನ್ನು ಕೇಳಿ ಟ್ರೇಲರನ್ನು ಟ್ರ್ಯಾಕ್ಟರಿಗೆ ಸಿಗಿಸುವ ಮೂಕಿಯ ಮೇಲೆ ಹತ್ತಿ ನಿಂತೇಬಿಟ್ಟಳು. ಅವತ್ತಿನ ವಿಷಯ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಇರಬೇಕೇ ಎಂಬುದು. ಅವಳು ವಿರೋಧ. ಪುಕ್ಕಟೆ ಬಸ್ಸಿನಿಂದ ಇಳಿದು ನಿಂತ ಅಷ್ಟೂ ಹೆಂಗಸರ ಮುಂದೆ ಪುಕ್ಕಟೆ ಬಸ್ಸು ಬೇಡವೆಂದು ಭಾಷಣ!

"ಏ ಇಳೀ ಕೆಳಗ! ನೀನೂ ಪುಕಸಟ್ಟೇನ ಬಂದೀಯಲ್ಲ!" ಎಂದು ಒಬ್ಬಾಕೆ ಚೀರಿದಳು.

"ಬಂದೇನ್ರಿ. ಅದಕ್ಕ ಹೇಳಾಕತ್ತೇನಿ, ಕೆಟ್ಟ ಬಸ್ ಕೊಟ್ಟು ಪುಕ್ಕಟೆ ಅಂದ್ರ ನಾವು ಬಾಯಿ ಮುಚಗೊಂಡು ನಿಲ್ಲಬೇಕೇನ್ರಿ?"

ಬಯ್ಯುತ್ತಿದ್ದವರೇ ಚಪ್ಪಾಳೆ ಹೊಡೆದರು. ಟ್ರ್ಯಾಕ್ಟರಿನ ಚಾಲಕ ಝಾಲರಿಯಿಂದ ಒಂದು ಪಟ್ಟಿ ಹರಿದು ಕೊಟ್ಟ. "ತಗೋ ತಂಗಿ. ಇಷ್ಟ ಮಂದಿ ಬೈದ್ರೂ ನಿಲ್ಲಸಲಿಲ್ಲಲ್ಲ ನೀ." ಆ ಪಟ್ಟಿ ಗೊಂಬೆಯ ಲಂಗವಾಯಿತು. ಅವಳು ಗೆದ್ದ ಕಪ್ಪುಗಳೆಲ್ಲ ಕಾಲೇಜಿನ ಕಪಾಟಿನಲ್ಲಿವೆ. ಅವಳ ಕೈಯಲ್ಲಿ ಉಳಿದ ಬಹುಮಾನ ಇದೊಂದೇ.

ಗೊಂಬೆ ಒಂದೇ, ಉಡುಪು ನಾಲ್ಕು. ಇದನ್ನು ನೆನಪಿಟ್ಟುಕೊಳ್ಳಿ.

ಈ ಬೇಸಿಗೆಯಲ್ಲಿ ಅವಳ ಮದುವೆಯಾಯಿತು. ವರ ಮುಧೋಳದವನು. ಮದುವೆಗೆ ಮೊದಲೇ ಅವಳಿಗೆ ಬಿಳಗಿಯ ಒಂದು ಶಾಲೆಯಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ಶಾಲೆ ಶುರುವಾಗುವುದರೊಳಗೆ ಬರುವುದನ್ನು ಖಚಿತಪಡಿಸಬೇಕಿತ್ತು. ಮುಧೋಳದಿಂದ ದಿನಾ ಬಸ್ಸಿನಲ್ಲಿ ಹೋಗಿಬರಬಹುದು. ಮಾತುಕತೆಯ ದಿನ ಅವಳು ಇದನ್ನು ಹೇಳಿದಾಗ ವರನ ಕಡೆಯವರು "ನೋಡೋಣಲ್ಲ" ಅಂದಿದ್ದರು.

ಎರಡೂ ಕಡೆಯವರ ಮನೆಗಳಲ್ಲಿ ಕನ್ನಡದಷ್ಟೇ ಮರಾಠಿಯೂ ನಡೆಯುತ್ತದೆ, ಮದುವೆಯಲ್ಲಿ ರುಖವತವೂ ನಡೆಯುತ್ತದೆ. ಮಂಗಲ ಕಾರ್ಯಾಲಯದ ಒಂದು ಮೂಲೆಯಲ್ಲಿ ಮೇಜು ಹಾಕಿ, ಮದುಮಗಳ ಕೈಕೆಲಸವನ್ನೂ ಉಂಡಿ ಚಕ್ಕುಲಿಗಳನ್ನೂ ಬೀಗರು ನೋಡಲೆಂದು ಜೋಡಿಸಿಡುತ್ತಾರೆ. ನಾನು ಆ ಮೇಜಿನ ಹತ್ತಿರ ಹೋದವಳು ಅಲ್ಲೇ ನಿಂತುಬಿಟ್ಟೆ.

ನಮ್ಮ ಉಡುಪುಗಳನ್ನು ತೊಟ್ಟು ಮೂರು ಹೊಸ ಗೊಂಬೆಗಳು ನಿಂತಿದ್ದವು. ರಬಕವಿಯ ಸೀರೆ ಉಟ್ಟದ್ದು ಮದುಮಗಳು. ಹಿಪ್ಪರಗಿಯ ಝಾಲರಿಯದು ಆರತಿ ಹಿಡಿದ ಕಳಸಗಿತ್ತಿ. ಮುಧೋಳದ ಪ್ಯಾಂಟು ಹಾಕಿದ ಗೊಂಬೆಯ ಕೂದಲು ಕತ್ತರಿಸಿ, ಮೀಸೆ ಬರೆದು, ಮದುಮಗನನ್ನು ಮಾಡಿದ್ದರು. ಬಿಳಗಿಯ ಕಂಬಳಿ ಅವರ ಕಾಲ ಕೆಳಗಿನ ಹಾಸು. ಮುಂದೊಂದು ಚೀಟಿ: 'ವಧುವಿನ ಕೈಕೆಲಸ. ಮನೆಯಲ್ಲಿ ಕೂತು ಹೊಲಿದದ್ದು.' ಒಂದು ಕೈಯ ಗೊಂಬೆ ಎಲ್ಲೂ ಇರಲಿಲ್ಲ.

ನಾಲ್ಕು ಕಡೆ ತಿರುಗಿದ ಒಬ್ಬಳನ್ನು ಬಿಚ್ಚಿ, ಎಲ್ಲೂ ಹೋಗದ ಮೂವರನ್ನು ಮಾಡಿ ನಿಲ್ಲಿಸಿದ್ದರು.

ಅವಳ ತಾಯಿಗೆ ನಾನು ಕಾಕು ಎನ್ನುತ್ತೇನೆ. ಹೋಗಿ ಹಿಡಿದುಕೊಂಡೆ. "ಕಾಕೂ, ಈಕಿಗೆ ಮೀಸಿ ಯಾವಾಗ ಬಂದ್ವುರಿ?"

"ಛಂದ ಕಾಣ್ತದಲ್ಲ? ಮಾರ್ಕರ್‌ಲೇ ನಾನೇ ಬರದೇನಿ."

"ಮತ್ತ ಈ ಚೀಟಿ? ಮನ್ಯಾಗ ಕೂತು ಹೊಲದದ್ದು ಅಂತ ಬರದೀರಿ. ಖರೇನ್ರಿ ಇದು?"

"ಮತ್ತೆಲ್ಲಿ ಹೊಲದೀರವಾ? ಬಸ್ಸಿನ್ಯಾಗ ಮಷಿನ್ ಇಟಗೊಂಡಿದ್ರೇನು?"

ಕಾಕು ಎದುರಾಳಿಯಾಗಿ ನಮ್ಮ ಸ್ಪರ್ಧೆಗಳಿಗೆ ಬಂದಿದ್ದರೆ ನಮಗೆ ಒಂದು ಕಪ್ಪೂ ಸಿಗುತ್ತಿರಲಿಲ್ಲ. ಆದರೆ ಇದೇ ಕಾಕು ಪ್ರತಿ ಸಲ ಅವಲಕ್ಕಿ ಡಬ್ಬಿ ಕಟ್ಟಿ ಕಳಿಸಿದವರು. ತಿರುಗಿ ಬಂದ ಕೂಡಲೇ "ಈ ಸಲ ಯಾವ ಊರಿನ ಅರಿವಿ?" ಎಂದು ಬಾಗಿಲಲ್ಲೇ ಕೇಳುತ್ತಿದ್ದವರು. ಗೊತ್ತಿಲ್ಲದವರು ಹೇಳಿದ್ದರೆ ಅದನ್ನು ತಪ್ಪು ತಿಳುವಳಿಕೆ ಎನ್ನಬಹುದಿತ್ತು. ಗೊತ್ತಿದ್ದವರು ಹೇಳಿದ್ದನ್ನು ಏನೆನ್ನಬೇಕು?

"ಕಂಬಳಿ ಕಾಲಾಗ ಹಾಸೀರಲ್ಲ?" ಎಂದೆ.

"ಕಂಬಳಿ ಗದ್ದಿಗಿ ಶುಭ ಅಲ್ಲೇನವಾ? ಕುರಿ ಕಾಯ್ದ ಮನಿಯವರು ನಿಮಗ ನಾ ಹೇಳಬೇಕೇನು?" ಎಂದು ನನ್ನ ಕೈ ಹಿಡಿದು ದನಿ ತಗ್ಗಿಸಿದರು. "ಇವತ್ತೊಂದ್ ದಿನ ಸುಮ್ನಿರು. ಇದು ಮದುವಿ, ನಿಮ್ಮ ಸ್ಪರ್ಧಾ ಅಲ್ಲ."

ಅಷ್ಟರಲ್ಲಿ ಬೀಗರು ಬಂದರು. ಅತ್ತೆಯಾಗುವವರು ಗೊಂಬೆ ನೋಡಿ ನಿಜವಾಗಿಯೂ ಹಿಗ್ಗಿದರು. ಸೀರೆಯ ನೆರಿಗೆ ಮುಟ್ಟಿದರು, ಲಂಗದ ಅಂಚು ತಿರುವಿ ನೋಡಿದರು. ಪಕ್ಕದಲ್ಲಿದ್ದ ಸೊಸೆಯ ಗಲ್ಲ ಹಿಡಿದು ಹೇಳಿದರು: "ಇಂಥಾ ಕೈ ಇದ್ದಾಕಿ ದಿನಾ ಬಸ್ಸಿನ್ಯಾಗ ಜೋತಾಡಿ ಬಿಳಗಿಗೆ ಯಾಕ ಹೋಗ್ಬೇಕು? ಮನ್ಯಾಗೇ ಕೂತು ಹೊಲೀಲಿ. ಹೊಸಾ ಮಷಿನ್ ನಾ ಕೊಡಸ್ತೇನಿ."

ಸುತ್ತಲಿದ್ದವರು ಭೇಷ್ ಭೇಷ್ ಎಂದರು. ನಾನು ಬಾಯಿ ತೆರೆದೆ, ಕಾಕು ನನ್ನ ಕೈಗೆ ಒಂದು ಉಂಡಿ ಇಟ್ಟರು. ಗೆಳತಿಯನ್ನು ನೋಡಿದೆ. ಅವಳು ಜಾರಿದ್ದ ಗೊಂಬೆಯ ಸೆರಗನ್ನು ಸರಿಮಾಡುತ್ತಿದ್ದಳು.

ನಾನು ಇದನ್ನು ಹೇಳಿದರೆ ಜನ ನನಗೇ ತಿರುಗಿ ಹೇಳುತ್ತಾರೆ: ಗೊಂಬೆಯ ಬಟ್ಟೆಗೆ ಇಷ್ಟು ಸಿಟ್ಟೇ? ಮದುವೆಯಲ್ಲಿ ಎಲ್ಲರೂ ಹೀಗೆ ನಾಲ್ಕು ಮಾತು ಏರಿಸಿ ಹೇಳುತ್ತಾರಪ್ಪಾ. ಇಲ್ಲ, ಏರಿಸಿ ಹೇಳಿದ್ದರೆ ನನ್ನ ತಕರಾರಿರಲಿಲ್ಲ. ಇದು ಇಳಿಸಿ ಹೇಳಿದ್ದು. ಊರೂರು ತಿರುಗಿ, ಮಂದಿಯ ಮುಂದೆ ನಿಂತು ಮಾತಾಡಿ, ಸೋತವರನ್ನೂ ಗೆಳತಿಯರನ್ನಾಗಿ ಮಾಡಿಕೊಂಡು ಬಂದವಳನ್ನು ಕಿಟಕಿಯ ಪಕ್ಕ ಕೂರಿಸಿದ್ದು. ಅದೂ ಹೋಗಲಿ ಎನ್ನೋಣ. ಅವಳು ಹೊರಗೆ ಹೋಗಿದ್ದಕ್ಕೆ ಸಾಕ್ಷಿಯಾಗಿದ್ದ ಬಟ್ಟೆಯನ್ನೇ ಹಿಡಿದು, ಇವಳು ಹೊರಗೆ ಹೋಗಬೇಕಾಗಿಲ್ಲ ಎಂದು ತೀರ್ಮಾನಿಸಿದರಲ್ಲ, ಇದಕ್ಕೆ ಸಿಟ್ಟು ಬರದಿದ್ದರೆ ಮತ್ಯಾವುದಕ್ಕೆ ಬರಬೇಕು? ಅತ್ತೆ ಬೈದು ಬೇಡ ಅಂದಿದ್ದರೆ ನಾನು ವಾದಕ್ಕೆ ನಿಲ್ಲುತ್ತಿದ್ದೆ. ಪ್ರೀತಿಯಿಂದ ಮಷಿನ್ ಕೊಡಿಸುತ್ತೇನೆ ಅನ್ನುವವರ ಮುಂದೆ ವಾದಿಸಲು ನನಗೆ ಯಾರೂ ಕಲಿಸಿಲ್ಲ.

ಮದುವೆಯಾದ ಕೆಲವು ದಿನಕ್ಕೆ ಗೆಳತಿಗೆ ಫೋನ್ ಮಾಡಿ ಕೇಳಿದೆ. "ಯಾಕ ಸುಮ್ಮನ ನಿಂತಿ? ನೀ ಒಂದ್ ಮಾತು ಅಂದಿದ್ರ ಆತಿತ್ತು."

"ನಿನಗೇನು, ಅಂದು ಬಸ್ ಹತ್ತಿ ಮನಿಗೆ ಹೋಗ್ತೀ. ನಾ ಇಲ್ಲೇ ಇರಬೇಕು," ಅಂದಳು. ಆಮೇಲೆ ಅವಳೇ ಹೇಳಿದಳು: "ಸಾಲಿಯವರು ಈ ವಾರದಾಗ ಹೇಳು ಅಂದಾರ."

"ಹೋಗಬೇಕಂತ ಐತೋ ಇಲ್ಲೋ ನಿನಗ?"

"ಐತೇ ಬೇ. ಅದಕ್ಕ ನಿದ್ದಿ ಹತ್ತವಲ್ತು." ಮನೆಯ ಮಾತಿನ 'ಅದ' ಬಿಟ್ಟು ನನ್ನ ಮಾತಿನ 'ಐತಿ'ಯಲ್ಲೇ ಹೇಳಿದಳು. ಬಿಳಗಿಯ ಅಜ್ಜಿಯ ಮನೆಯಲ್ಲಿ ಕಲಿತದ್ದು ಅದು.

ಆ ವಾರದಲ್ಲೇ ನಾನು ಮುಧೋಳಕ್ಕೆ ಹೋದೆ. ಪಡಸಾಲೆಯ ಗಾಜಿನ ಕಪಾಟಿನಲ್ಲಿ ಗೊಂಬೆಗಳು ಹಾಗೆಯೇ ನಿಂತಿದ್ದವು, ಮೀಸೆ ಸಮೇತ. ಹೊಸ ಹೊಲಿಗೆ ಮಷಿನ್ನಿನ ಮೇಲೆ ಇನ್ನೂ ಪ್ಲಾಸ್ಟಿಕ್ ಹೊದಿಕೆ. ಗೆಳತಿ ಒಳಗೆ ಚಹಾ ಮಾಡುತ್ತಿದ್ದಳು, ಅವಳ ಗಂಡ ಪೇಪರು ಓದುತ್ತಿದ್ದ. ಅತ್ತೆ ನನ್ನನ್ನು ಕಪಾಟಿನ ಮುಂದೆ ಕರೆದೊಯ್ದು, ನಾನು ಎಂದೂ ಕಾಣದವಳು ಎಂಬಂತೆ ಒಂದೊಂದೇ ತೋರಿಸಿದರು. "ಎಲ್ಲಾ ಆಕಿದೇ ಕೈಕೆಲಸ. ಕೂತಲ್ಲೇ ಕೂತು ಮಾಡ್ಯಾಳ."

"ಬಿಳಗಿ ಸಾಲಿದು ಏನಾತ್ರಿ?" ಎಂದು ನಾನು ನೇರವಾಗಿ ಕೇಳಿದೆ.

"ಆಕಿಗೇ ಹೊರಗ ಹೋಗೂದು ಬ್ಯಾಡಾಗೇದ. ಮೊದಲಿಂದೂ ಆಕೀ ಸ್ವಭಾವನೇ ಹಂಗ ಅದ ಅಂತ ಆಕೀ ತಾಯಿ ಹೇಳ್ಯಾರಲ್ಲ."

ಗಂಡ ಪೇಪರಿನಿಂದ ತಲೆ ಎತ್ತಿದ. "ಬ್ಯಾಡ ಅಂತ ಆಕಿ ಎಲ್ಲಿ ಅಂದಾಳವಾ? ಹೋಗ್ತೇನಿ ಅಂತನೂ ಅಂದಿಲ್ಲ. ಏನದನೋ ಆಕಿನ್ನೇ ಕೇಳ್ರಿ."

ಅಷ್ಟೊತ್ತಿಗೆ ಗೆಳತಿ ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಳು. ಎಲ್ಲ ಮಾತೂ ಅವಳಿಗೆ ಕೇಳಿಸಿತ್ತು. ಅವಳು ನನ್ನ ಕಡೆ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದಳು. ಬೇಡ ಎಂದೋ, ಕೇಳು ಎಂದೋ, ಅವಳ ಪಕ್ಕದ ಸೀಟಿನಲ್ಲಿ ಇಷ್ಟು ವರ್ಷ ಕೂತ ನನಗೂ ತಿಳಿಯಲಿಲ್ಲ. ಅವಳ ಬದಲು ನಾನೇ ಉತ್ತರ ಹೇಳಿಬಿಡಬಹುದಿತ್ತು. ಆದರೆ ಅದು ಅವಳ ಸರದಿ. ನಾನು ಗಾಜಿನ ಬಾಗಿಲು ಸರಿಸಿ, ಝಾಲರಿ ಲಂಗದ ಗೊಂಬೆಯನ್ನು ಹೊರಗೆ ತೆಗೆದು, ಎಲ್ಲರಿಗೂ ಕಾಣುವಂತೆ ಹಿಡಿದು ಅವಳನ್ನು ಕೇಳಿದೆ:

"ಈ ಪಟ್ಟಿ ನಿನಗ ಯಾರು ಕೊಟ್ರು, ಎಲ್ಲಿ ಕೊಟ್ರು, ಯಾಕ ಕೊಟ್ರು? ಇವರಿಗೆ ಹೇಳತೀಯೇನು?"