ಮರಿಯಮಬಿಯ ಖಾಲಿ ಕೋಳಿಗೂಡು

"ಮಗಳು ಏನ್ ಮಾಡ್ತಾಳ್ರಿ?" ಎಂದು ಸವಣೂರಿನ ಓಣಿಯಲ್ಲಿ ಯಾರಾದರೂ ಕೇಳಿದರೆ ಮರಿಯಮಬಿಯದು ಒಂದೇ ಉತ್ತರ: "ಎಲ್ಲಾರ ಹೆಣ್ಮಕ್ಕಳು ತತ್ತಿ ಬೇಯಿಸ್ತಾರ, ನಮ್ಮಾಕಿ ರೋಗ ಬೇಯಿಸ್ತಾಳ." ಹಾಗೆನ್ನುವಾಗ ಮುಖ ಗಂಟಿಕ್ಕಿಕೊಂಡರೂ ಒಳಗೊಳಗೇ ಹೆಮ್ಮೆ. ಮಾತು ಪೂರ್ತಿ ಸುಳ್ಳೂ ಅಲ್ಲ. ಮಗಳು ಸುಮೇರಾ ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ವೈರಾಣು ವಿಜ್ಞಾನಿ. ಓಣಿಯ ಕೋಳಿಗಳನ್ನೆಲ್ಲ ಒಂದೇ ವಾರದಲ್ಲಿ ಗುಡಿಸಿ ಹಾಕುವ ಕೊಕ್ಕರೆ ರೋಗದ ಬೆನ್ನು ಹತ್ತಿದವಳು. ಆ ವೈರಾಣುವಿನ ಸೌಮ್ಯ ಬಗೆಯೊಂದನ್ನು ತತ್ತಿಯೊಳಗೆ ಬೆಳೆಸುವುದು, ಕಾಯಿಸುವುದು, ಕಾವಿಗೂ ಸಾಯದೆ ಉಳಿದದ್ದನ್ನು ಆರಿಸಿ ಮತ್ತೆ ಬೆಳೆಸುವುದು. ಇದರಲ್ಲೇ ಆಕೆಯ ಹರೆಯ ಕಳೆದಿತ್ತು.

ಆಕೆ ಶಾಲೆಗೆ ಹೋಗುತ್ತಿದ್ದಾಗ, ವೀಳ್ಯದೆಲೆ ವ್ಯಾಪಾರಿ ತಂದೆ ಇಸ್ಮಾಯಿಲಸಾಬರು ಕೋಳಿಗಳಿಗೆಂದು ಹಾವೇರಿಯಿಂದ ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿ ಲಸಿಕೆ ತಂದಿದ್ದರು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು, ಬರ್ಫ ಕರಗಿತು. ಹನಿ ಹಾಕಿಸಿಕೊಂಡ ಕೋಳಿಗಳೂ ಹಾಕಿಸಿಕೊಳ್ಳದವೂ ಒಟ್ಟಿಗೇ ಸತ್ತವು. ಬಿಸಿಲಿಗೆ ಕೆಡುವ ಔಷಧವನ್ನು ಬಿಸಿಲೂರಿನವರಿಗೆ ಯಾಕೆ ಕೊಡುತ್ತಾರೆ ಎಂದು ಹುಡುಗಿ ಎಲ್ಲರ ತಲೆ ತಿಂದಳು. ಬೀದರಿನಲ್ಲಿ ಪಶುವೈದ್ಯ ಓದುವಾಗಲೂ, ಮುಂದೆ ರೋಗನಿರೋಧಕ ಶಕ್ತಿಯ ಮೇಲೆ ಪಿಎಚ್.ಡಿ. ಮಾಡುವಾಗಲೂ ಆ ಹಟ ಬಿಡಲಿಲ್ಲ. ಕೊನೆಗೂ ಬರ್ಫಿನ ಹಂಗಿಲ್ಲದ ಲಸಿಕೆ ಸಿದ್ಧವಾಯಿತು. ಲ್ಯಾಬಿನಲ್ಲಿ ಗೆದ್ದದ್ದು ಊರ ಕೋಳಿಗಳಲ್ಲೂ ಗೆಲ್ಲಬೇಕಿತ್ತು.

ಪರೀಕ್ಷೆಗೆ ಸವಣೂರನ್ನೂ ಆರಿಸಿದಾಗ ಪಕ್ಕದ ಮನೆಯ ಸರೋಜವ್ವ ಖಡಾಖಂಡಿತ ಹೇಳಿದಳು: "ಮೊದಲ ನಿಮ್ಮ ತಾಯಿ ಕೋಳಿ ಸೇರಸವಾ, ಆಮ್ಯಾಲೆ ನಮ್ಮವು." ಸರಿ, ಮರಿಯಮಬಿಯ ಕೋಳಿಗಳೂ ಸೇರಿದವು. ಅರ್ಧ ಮನೆಗಳ ಕೋಳಿಗಳ ಕಣ್ಣಿಗೆ ಲಸಿಕೆಯ ಹನಿ, ಉಳಿದರ್ಧಕ್ಕೆ ಬರಿ ನೀರು. ಕೋಳಿ ಸತ್ತವರಿಗೆ ಸಂಸ್ಥೆಯೇ ಮರಿ ಕೊಡುವುದೆಂದು ಮೊದಲೇ ಮಾತಾಗಿತ್ತು. ಸೀಸೆಗಳಲ್ಲಿ ಕೆಲವಕ್ಕೆ ಕೆಂಪು ಮುಚ್ಚಳ, ಕೆಲವಕ್ಕೆ ನೀಲಿ. ಯಾವುದರಲ್ಲಿ ಏನಿದೆ ಎಂಬುದು ಬೆಂಗಳೂರಿನವರಿಗೆ ಮಾತ್ರ ಗೊತ್ತು; ಸುಮೇರಾಗೂ ಗೊತ್ತಿರಲಿಲ್ಲ. ಎಲ್ಲರೆದುರು ಚೀಟಿ ಎತ್ತಿದರು. ಸರೋಜವ್ವನಿಗೆ ಕೆಂಪು ಬಂತು, ಮರಿಯಮಬಿಗೆ ನೀಲಿ.

ಬೇಸಿಗೆಗೆ ರೋಗ ಓಣಿಗೆ ಕಾಲಿಟ್ಟಿತು. ನೀಲಿ ಮುಚ್ಚಳದ ಮನೆಗಳಲ್ಲೇ ಕೋಳಿಗಳು ತೂಕಡಿಸತೊಡಗಿದವು. ಲಸಿಕೆ ಕೆಂಪಿನಲ್ಲಿದೆಯೆಂದು ಇನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಸ್ತಿಲ ಮೇಲೆ ಕೂತು ಬಂದವರನ್ನೆಲ್ಲ ಕುಕ್ಕುತ್ತಿದ್ದ ಮರಿಯಮಬಿಯ ಮುದ್ದಿನ ಚಾಂದನಿಯೂ ಕುತ್ತಿಗೆ ತಿರುಚಿಕೊಂಡು ಬಿದ್ದಿತು.

"ಇನ್ನಾ ನಾಕೈದು ಗಟ್ಟಿಮುಟ್ಟ ಅದಾವ," ಎಂದಳು ಮರಿಯಮಬಿ. "ಕೆಂಪ ಸೀಸೆ ನಿನ್ನ ಚೀಲದಾಗ ಐತಿ. ಎರಡೆರಡ ಹನಿ ಹಾಕಾಕ ನಿನಗ ಏನ್ ಕಷ್ಟ?"

"ಈಗ ನಮ್ಮನ್ಯಾಗ ಹಾಕಿದ್ರ ನನ್ನ ಲೆಕ್ಕಾ ಯಾರೂ ನಂಬೂದಿಲ್ಲಮ್ಮಾ. ಸತ್ತ ಕೋಳಿ ಎಲ್ಲಾ ಸುಮ್ನ ಸತ್ತಂಗ ಆಗ್ತಾವ."

"ಹಡದ ತಾಯಿಗಿಂತ ಲೆಕ್ಕಾ ದೊಡ್ಡದಾತೇನು?"

ಸುಮೇರಾ ಚಾಂದನಿಯ ರೆಕ್ಕೆಗಳನ್ನು ಮೆತ್ತಗೆ ಮಡಚಿ, ಲ್ಯಾಬಿನ ಪರೀಕ್ಷೆಗೆ ಕಳಿಸಲು ಚೀಲಕ್ಕೆ ಹಾಕುವುದನ್ನು ಮರಿಯಮಬಿ ನೋಡಿದಳು. ಆದರೂ ಮಗಳ ಜೊತೆ ಮಾತು ಬಿಟ್ಟಳು. ಗಟ್ಟಿಮುಟ್ಟಾಗಿದ್ದವೂ ಒಂದೊಂದಾಗಿ ಸತ್ತವು. ಸಂಸ್ಥೆ ಕೊಟ್ಟ ಮರಿಗಳನ್ನು ಆಕೆ ಮುಟ್ಟಲೂ ಒಪ್ಪದೆ ಸರೋಜವ್ವನ ಮನೆಗೆ ದಾಟಿಸಿದಳು.

ಬೆಂಗಳೂರಿನವರು ಗುಟ್ಟು ಬಿಚ್ಚಿದಾಗ ಊರ ಊಹೆಯೇ ನಿಜವಾಯಿತು. ಲಸಿಕೆ ಇದ್ದದ್ದು ಕೆಂಪಿನಲ್ಲಿ, ಆ ಮನೆಗಳ ಕೋಳಿಗಳು ಬಹುಪಾಲು ಉಳಿದಿದ್ದವು. ಎಲ್ಲ ಕೋಳಿಗಳಿಗೂ ಲಸಿಕೆ ಹಾಕುವ ದಿನ ಜನ ಬುಟ್ಟಿ ಹೊತ್ತು ಬಂದರು. ಬಂಕಾಪುರದಿಂದ ತಾನೂ ಒಂದು ಬುಟ್ಟಿ ತಂದಿದ್ದ ಕೋಳಿ ವ್ಯಾಪಾರಿ ಸಿರಾಜುದ್ದೀನ ಗುಂಪಿನ ನಡುವೆ ನಿಂತು ಕಡ್ಡಿ ಆಡಿಸಿದ: "ಅಸಲಿ ದವಾ ತನ್ನ ತಾಯಿ ಕೋಳಿಗೆ ಹಾಕಿರ್ತಾಳ. ಈ ಸೀಸೇದಾಗ ಏನೈತೊ ಯಾರಿಗ್ಗೊತ್ತು?" ಕೆಲವರು ಬುಟ್ಟಿ ಎತ್ತಿಕೊಂಡು ಹೊರಡಲು ಅನುವಾದರು. ಇಷ್ಟು ವರ್ಷದ ದುಡಿಮೆ ಒಂದು ಮಾತಿಗೆ ನೀರುಪಾಲಾಗುವುದನ್ನು ಸುಮೇರಾ ನೋಡುತ್ತ ನಿಂತಳು.

ಹಿಂದೆ ನಿಂತಿದ್ದ ಮರಿಯಮಬಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಬರ್ರಿ ಸಿರಾಜುದ್ದೀನಸಾಬ್ರ, ನಮ್ಮ ಹಿತ್ತಲಕ್ಕ ಬರ್ರಿ. ಎಲ್ಲಾರೂ ಬರ್ರಿ."

ಹಿತ್ತಲಿನಲ್ಲಿ ಗೂಡಿನ ಬಾಗಿಲು ತೆರೆದಳು. ಒಳಗೆ ಜೇಡರ ಬಲೆ ಬಿಟ್ಟರೆ ಏನೂ ಇರಲಿಲ್ಲ.

"ಒಂದೂ ಉಳೀಲಿಲ್ರಿ. ಎರಡ ಹನಿ ಬೇಡಿದ್ನಿ, ಆಕಿ ಹಾಕಲಿಲ್ಲ. ತಾಯಿ ಸಲುವಾಗಿ ಸುಳ್ಳ ಲೆಕ್ಕಾ ಮಾಡದಾಕಿ ನಿಮಗ ಮಾಡ್ತಾಳೇನು?"

ಸಿರಾಜುದ್ದೀನ ಬಗ್ಗಿ ಗೂಡಿನೊಳಗೆ ನೋಡಿದ. ಮರಳಿ ಹೋಗಿ ಲಸಿಕೆಯ ಸಾಲಿನಲ್ಲಿ ತನ್ನ ಬುಟ್ಟಿಯನ್ನೇ ಮೊದಲು ಇಟ್ಟ.

ಸಾಲು ಕರಗಿದ ಮೇಲೆ ಮರಿಯಮಬಿ ಸರೋಜವ್ವನ ಮನೆಯಿಂದ ತನ್ನ ಮರಿಗಳನ್ನು ಉಡಿಯಲ್ಲಿ ಹಾಕಿಕೊಂಡು ಮಗಳೆದುರು ಬಂದು ನಿಂತಳು.

"ಕೆಂಪ ಮುಚ್ಚಳದ್ದ ಹಾಕು," ಎಂದಳು.