ಧೂಪ ಕುಡಿದ ಕಂಪ್ಯೂಟರು

ನಮ್ಮ ಮನೆಗೆ ಕಂಪ್ಯೂಟರು ಬಂದದ್ದು ಹೊಸಪೇಟೆಯಲ್ಲಿ ಅದಿರಿನ ಕಾಲ ಜೋರಾಗಿದ್ದಾಗ. ಸಂಡೂರಿನಿಂದ ಇಳಿದು ಬರುವ ಲಾರಿಗಳ ಸಾಲಿಗೆ ತುದಿಯೇ ಇರುತ್ತಿರಲಿಲ್ಲ. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆ ಎತ್ತಿಕೊಳ್ಳುವಾಗ ಕಾವಿ ಬಟ್ಟೆಯಂತೆ ಕಾಣುತ್ತಿತ್ತು. ಲಾರಿ ಸಾಗಣೆಯ ಆಫೀಸೊಂದು ನನಗೆ ಟೈಪಿಂಗ್ ಕೆಲಸ ಕೊಟ್ಟಿತ್ತು. ಬೆಳಿಗ್ಗೆ ಲಾರಿ ಲೋಡಿನ ಚೀಟಿಗಳ ಕಟ್ಟು ಬರುತ್ತಿತ್ತು, ಸಂಜೆಯೊಳಗೆ ಎಲ್ಲ ಮುಗಿಸಿ ಕೊಡಬೇಕಿತ್ತು. ಅದಕ್ಕೆಂದೇ ನನ್ನ ಗಂಡ ಯಾರೋ ಬಳಸಿ ಬಿಟ್ಟ ಕಂಪ್ಯೂಟರನ್ನು ಕೊಂಡು ತಂದಿದ್ದರು.

ಅವರು ತೋರಣಗಲ್ಲಿನ ಕಡೆ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದರು. ಕಾದ ಕಬ್ಬಿಣ ತುಂಬಿದ ಬಾನಿಯನ್ನು ಮೇಲೆತ್ತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಕೆಲಸ. ಹೆಚ್ಚಾಗಿ ರಾತ್ರಿ ಪಾಳಿ. ಬೆಳಿಗ್ಗೆ ಬಂದು, ಎರಡು ರೊಟ್ಟಿ ತಿಂದು ಮಲಗುತ್ತಿದ್ದರು. ಇದ್ದದ್ದು ಎರಡೇ ಕೋಣೆ, ನಡುವೆ ಚೌಕಟ್ಟಿತ್ತು, ಬಾಗಿಲಿರಲಿಲ್ಲ. ಆ ಕಡೆ ಅವರ ಹಾಸಿಗೆ, ಈ ಕಡೆ ನನ್ನ ಕಂಪ್ಯೂಟರು.

ಮೊದಮೊದಲು ಅದು ಮರ್ಯಾದೆಯಾಗಿಯೇ ಇತ್ತು. ಆಮೇಲೆ ಗೊರಗೊರ ಎನ್ನಲು ಶುರುಮಾಡಿತು. ಕೆಲವು ತಿಂಗಳಲ್ಲಿ ಗಿರಣಿ ಹಿಟ್ಟು ಬೀಸುವಂತೆ ಒಂದೇ ಸಮನೆ ಕೂಗತೊಡಗಿತು. ಅದನ್ನಿಟ್ಟಿದ್ದ ಪ್ಲೈವುಡ್ ಟೇಬಲ್ಲೂ ಜೊತೆಗೆ ದನಿಗೂಡಿಸುತ್ತಿತ್ತು. ರಸ್ತೆಯ ಲಾರಿಗಳ ನಡುವೆ ಇದೊಂದು ಯಾವ ಲೆಕ್ಕ ಎಂದುಕೊಂಡಿದ್ದೆ. ಆದರೆ ಲಾರಿ ಬರುತ್ತದೆ, ಹೋಗುತ್ತದೆ. ಇದು ಹೋಗುತ್ತಲೇ ಇರಲಿಲ್ಲ. ಅವರು ಗೋಡೆಯ ಕಡೆ ತಿರುಗಿ, ತಲೆಯ ಮೇಲೆ ದಿಂಬು ಹಾಕಿಕೊಂಡು ಬಿದ್ದಿರುತ್ತಿದ್ದರು. ಒಂದು ದಿನ ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನೂ ನಿಂತು ಮೈಯೆಲ್ಲ ಬೆವರು ಸುರಿಯುತ್ತಿದ್ದರೂ ಆ ಮನುಷ್ಯ ಕೊರಡಿನಂತೆ ನಿದ್ದೆ ಹೋದರು. ಕರೆಂಟು ಬಂದು ನಾನು ಸ್ವಿಚ್ಚು ಒತ್ತಿದ್ದೇ ತಡ, ಕಣ್ಣು ಬಿಟ್ಟರು. ಅವರ ನಿದ್ದೆ ಕೆಡಿಸುತ್ತಿದ್ದದ್ದು ಲಾರಿಗಳಲ್ಲ, ಇದೇ ಎಂದು ಅವತ್ತು ನನಗೆ ಗೊತ್ತಾಯಿತು.

ನಮ್ಮ ಅತ್ತೆಯೂ ನಮ್ಮ ಜೊತೆಯೇ ಇದ್ದರು. ಅನ್ನ ಕೊಡುವ ಯಾವ ವಸ್ತುವಿಗೂ ಸೋಮವಾರ ವಿಭೂತಿ ಹಚ್ಚದೆ ಬಿಟ್ಟವರಲ್ಲ. ಮಗನ ಊಟದ ಡಬ್ಬಿಗೂ ಹಚ್ಚುತ್ತಿದ್ದರು, ಬೀಸುವ ಕಲ್ಲಿಗೂ ಹಚ್ಚುತ್ತಿದ್ದರು. ಕಂಪ್ಯೂಟರು ಬಂದ ಮೇಲೆ ಅದರ ಡಬ್ಬಕ್ಕೂ ಮೂರು ಬೆರಳಿನ ಪಟ್ಟೆ ಬಂತು, ಮುಂದೆ ಧೂಪ. ನಾನು ಕೆಲಸದಲ್ಲಿದ್ದರೂ ಧೂಪದ ಬಟ್ಟಲು ಹಿಡಿದು ಬಂದುಬಿಡುತ್ತಿದ್ದರು. ಹೊಗೆ ನೇರವಾಗಿ ಡಬ್ಬದ ಮುಂದಿನ ಸೀಳುಗಳೊಳಗೆ ಹೋಗುತ್ತಿತ್ತು. ಅದನ್ನು ಕಂಡು ಅವರಿಗೆ ಆಗುತ್ತಿದ್ದ ಆನಂದ ಹೇಳತೀರದು.

"ನೋಡವಾ, ಹೆಂಗ ಒಳಗ ಎಳಕೊಳ್ಳಾಕ್ಹತ್ತೈತಿ. ಸ್ವೀಕಾರ ಮಾಡ್ತೈತಿ ಅದು."

ನಾನೂ ಹೂಂ ಎಂದೆ. ನನಗೂ ಅದೊಂಥರಾ ಚೆನ್ನಾಗಿಯೇ ಕಂಡಿತ್ತು.

ಸದ್ದು ಜಾಸ್ತಿಯಾದಾಗ ಅತ್ತೆ ಅದಕ್ಕೆ ದೃಷ್ಟಿಯಾಗಿದೆ ಎಂದು ತೀರ್ಮಾನಿಸಿದರು. ಓಣಿಯಲ್ಲಿ ಯಾರ ಮನೆಯಲ್ಲೂ ಇಲ್ಲದ್ದು ನಮ್ಮ ಮನೆಯಲ್ಲಿದೆ, ಕಣ್ಣು ಬೀಳದೆ ಇರುತ್ತದೆಯೇ? ಹಾಗಾಗಿ ಸೋಮವಾರದ ಧೂಪ ಗುರುವಾರಕ್ಕೂ ಬಂತು, ಆಮೇಲೆ ದಿನಾ ಆಯಿತು. ಹುಚ್ಚು ಬಿಟ್ಟ ಹೊರತು ಮದುವೆ ಆಗದು, ಮದುವೆ ಆದ ಹೊರತು ಹುಚ್ಚು ಬಿಡದು ಅನ್ನುತ್ತಾರಲ್ಲ, ಹಾಗಾಯಿತು ನಮ್ಮ ಕಥೆ: ಸದ್ದು ಹೆಚ್ಚಿದಷ್ಟೂ ಧೂಪ, ಧೂಪ ಹೆಚ್ಚಿದಷ್ಟೂ ಸದ್ದು. ಒಮ್ಮೆ ನಾನೇ ಸದ್ದು ಅಡಗಲೆಂದು ಡಬ್ಬದ ಮೇಲೆ ದಪ್ಪ ಕೌದಿ ಹೊದಿಸಿದೆ. ಅರ್ಧ ಗಂಟೆ ಕೂಗಿ ಕೂಗಿ ತಾನೇ ಆರಿಹೋಯಿತು, ಅಲ್ಲಿಯವರೆಗಿನ ಟೈಪಿಂಗೂ ನೀರಿನಲ್ಲಿ ಹೋಮ ಮಾಡಿದಂತಾಯಿತು. ರಿಪೇರಿ ಅಂಗಡಿಯವನನ್ನು ಕೇಳಿದರೆ ಫ್ಯಾನು, ಪವರ್ ಸಪ್ಲೈ, ಡಬ್ಬ, ಎಲ್ಲ ಹೊಸದು ಹಾಕಬೇಕೆಂದ. ಮೂಗಿಗಿಂತ ಮೂಗುತಿ ಭಾರ ಎಂದು ವಾಪಸು ಬಂದೆ.

ಆ ವಾರವೇ ಒಂದು ಬೆಳಿಗ್ಗೆ ನನ್ನ ಗಂಡ ಮನೆಗೆ ಬಂದು ಚಪ್ಪಲಿ ಬಿಡದೆ ಹಾಗೇ ಕುಳಿತರು. ಅತ್ತೆ ನೀರು ತರಲು ಹೋದಾಗ ಮೆಲ್ಲಗೆ ಹೇಳಿದರು:

"ಕ್ರೇನಿನ ಮ್ಯಾಲ ಕಣ್ಣು ಹತ್ತಿಬಿಟ್ಟಿತ್ತು. ಬಾನಿ ತುಂಬಿತ್ತು. ಕೆಳಗಿದ್ದಾಂವ ಕೂಗಿದ್ದಕ್ಕ ಎಚ್ಚರಾತು. ಅವ್ವಗ ಹೇಳಬ್ಯಾಡ."

ಕಂಪ್ಯೂಟರಿನ ಮಾತು ಅವರು ಎತ್ತಲಿಲ್ಲ. ತಾವೇ ಆಸೆಪಟ್ಟು ತಂದದ್ದಲ್ಲವೇ. ಕ್ರೇನಿನ ಕೆಳಗೆ ಕೆಲಸ ಮಾಡುವ ಹುಡುಗರ ಮನೆಯವರ ಮುಖಗಳೆಲ್ಲ ಕಣ್ಣ ಮುಂದೆ ಬಂದವು. ಇದನ್ನು ಮಾರಿಬಿಡುತ್ತೇನೆ, ಟೈಪಿಂಗೂ ಬೇಡ ಏನೂ ಬೇಡ ಎಂದು ಆ ಕ್ಷಣವೇ ನಿಶ್ಚಯಿಸಿದೆ. ಅವತ್ತು ಅದನ್ನು ಚಾಲೂ ಮಾಡಲಿಲ್ಲ. ಮಾರುವ ಮುನ್ನ ಒರೆಸಿ ಕೊಡೋಣವೆಂದು ಮರುದಿನ ಅದನ್ನು ಹಿತ್ತಲಿಗೆ ಒಯ್ದು ಪಕ್ಕದ ತಗಡಿನ ಸ್ಕ್ರೂ ಬಿಚ್ಚಿದೆ. ಅತ್ತೆಯೂ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತರು.

ಒಳಗೆ ಫ್ಯಾನು ಎಂಬುದೇ ಕಾಣಲಿಲ್ಲ. ಅದಿರಿನ ಕೆಂಪು ದೂಳು, ಬೂದಿ, ಧೂಪದ ಜಿಡ್ಡು ಎಲ್ಲ ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ನಾನು ಪೇಂಟ್ ಬ್ರಷ್ಷಿನಿಂದ ಒಂದು ತುಣುಕು ಎಬ್ಬಿಸಿದೆ. ಅತ್ತೆ ಅದನ್ನು ಬೆರಳಲ್ಲಿ ಉಜ್ಜಿ, ಮೂಸಿ ನೋಡಿದರು. ಅವರ ಮುಖ ಸಣ್ಣದಾಯಿತು.

"ಇದು ನನ್ನ ಧೂಪದ ಲೋಬಾನ ಅಲ್ಲೇನು? ನನ್ನ ಮಗನ ನಿದ್ದಿ ನಾನಽ ಕೆಡಿಸಿದೆ?"

ಅದಿರಿನ ದೂಳೇ ಹೆಚ್ಚಿದೆ, ಊರಿಗೆಲ್ಲ ಬಂದದ್ದು ನಮಗೂ ಬಂದಿದೆ ಎಂದು ನಾನು ಹೇಳಿದೆ. ಅದು ಸುಳ್ಳೂ ಅಲ್ಲ. ಅವರು ನಂಬಿದರೋ ಇಲ್ಲವೋ, ಎದ್ದು ಹೋಗಿ ಹೊಲಿಗೆ ಮಿಷಿನ್ನಿನ ಎಣ್ಣೆಯ ಬುಡ್ಡಿ ತಂದು ಮುಂದಿಟ್ಟರು. ಕೂಗುವ ಮಿಷಿನ್ನಿಗೆ ಎಣ್ಣೆ ಬಿಡಬೇಕೆಂಬುದು ಅವರ ಲೆಕ್ಕ. ಮಾರುವ ಮುನ್ನ ಇದನ್ನೂ ಒಂದು ಸಲ ನೋಡಿಬಿಡೋಣವೆಂದು ಇಬ್ಬರೂ ಸೇರಿ ಆ ದೂಳಿನ ಕಂಬಳಿ ಕಿತ್ತೆವು. ಫ್ಯಾನಿನ ನಡುವೆ ಅಂಟಿಸಿದ್ದ ಚೀಟಿ ಎಬ್ಬಿಸಿ ಒಂದೇ ಹನಿ ಎಣ್ಣೆ ಬಿಟ್ಟೆವು. ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ್ದ ಲಾರಿ ಟ್ಯೂಬು ತಂದು ಚೌಕ ಚೌಕ ಕತ್ತರಿಸಿ ಡಬ್ಬದ ಕಾಲಡಿ ಇಟ್ಟೆವು. ಡಬ್ಬವನ್ನು ಟೇಬಲ್ಲಿನಿಂದ ಇಳಿಸಿ ಒಂದು ಕಲ್ಲಿನ ಚಪ್ಪಡಿಯ ಮೇಲೆ ಕೂರಿಸಿದೆವು. ಕೌದಿಯನ್ನು ಚೌಕಟ್ಟಿಗೆ ಪರದೆಯಂತೆ ಕಟ್ಟಿದೆವು. ಖರ್ಚಿನ ಮಾತೇ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನನ್ನ ಗಂಡ ಮಲಗಿದ ಮೇಲೆ ಸ್ವಿಚ್ಚು ಒತ್ತಿದೆ. ಸಣ್ಣಗೆ ಸುಯ್ ಎಂದಿತು, ಅಷ್ಟೆ. ಅದು ಚಾಲೂ ಇದೆಯೋ ಇಲ್ಲವೋ ಎಂದು ದೀಪ ನೋಡಿ ತಿಳಿಯಬೇಕಾಯಿತು. ಎಷ್ಟೋ ತಿಂಗಳಿಂದ ಹಿಡಿದಿಟ್ಟ ಉಸಿರು ಬಿಟ್ಟಂತಾಗಿ, ಕೀಲಿಗಳ ಮೇಲೆಯೇ ಕಣ್ಣೀರು ಬಿತ್ತು. ಮಾರುವ ಮಾತನ್ನು ಅಲ್ಲಿಗೇ ಬಿಟ್ಟೆ. ಪರದೆಯ ಆಚೆ ಸದ್ದಿಲ್ಲ, ಹೊರಳಾಟವಿಲ್ಲ. ಹನ್ನೆರಡಾಯಿತು, ಎರಡಾಯಿತು. ನಾನು ಖುಷಿಯಲ್ಲಿ ಟೈಪು ಮಾಡುತ್ತಲೇ ಇದ್ದೆ.

ಅತ್ತೆಗೆ ಮಾತ್ರ ಸಮಾಧಾನವಾಗಲಿಲ್ಲ. ಒಳಗೆ ಇಣುಕಿದರು, ಬಂದರು, ಮತ್ತೆ ಹೋದರು. ಮಗ ಮಗ್ಗುಲನ್ನೇ ಬದಲಿಸಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದರು. ಕೊನೆಗೆ ತಡೆಯಲಾರದೆ ಹೋಗಿ ಮಗನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದರು.

ಅವರು ಕಣ್ಣು ಬಿಟ್ಟರು. "ಏನಬೇ?"

"ಏನಿಲ್ಲಪಾ," ಎಂದರು ಅತ್ತೆ. "ಮಲಕೋ."

ಒಂದು ಕಂಪ್ಯೂಟರಿನ ಬಾಯನ್ನೇ ಮುಚ್ಚಿಸಿದ ಮೇಲೆ ಅತ್ತೆಯೇ ಎಬ್ಬಿಸಿದರಲ್ಲ ಎಂದು ನನಗೆ ನಗು ತಡೆಯಲಾಗಲಿಲ್ಲ. ಆದರೆ ಪರದೆ ಸರಿಸಿ ನೋಡುವಷ್ಟರಲ್ಲಿ ನನ್ನ ಗಂಡನಿಗೆ ಮತ್ತೆ ನಿದ್ದೆ ಹತ್ತಿತ್ತು. ಅತ್ತೆ ಅಲ್ಲೇ ನೆಲದ ಮೇಲೆ ಕುಳಿತು, ಬೆರಳಿಗೆ ತಾಗಿದ ಉಸಿರನ್ನು ಕೆನ್ನೆಗೆ ಒತ್ತಿಕೊಂಡು ಅಳುತ್ತಿದ್ದರು, ಒಂದಿಷ್ಟೂ ಸದ್ದಾಗದಂತೆ.